ಅದು ಫೋಟೋ ಅಲ್ಲ ಮಾರಾಯ್ರೇ

ಬೆಳಿಗ್ಗೆ ಕಾಫಿ ಆರಿಹೋಗುವಷ್ಟು ಸಿಟ್ಟು ಬಂತು. ಕಾರಣ ಒಂದು ರೀಲ್. ಹಳೇ ಈಜಿಪ್ಟಿನ ರಾಜ ನಾರ್ಮರ್‌ನ ಕೆತ್ತನೆಯ ಕಲ್ಲು ಫಲಕ ತೋರಿಸಿ, ಡಬಡಬ ಮ್ಯೂಸಿಕ್ ಹಾಕಿ, ‘ಐದು ಸಾವಿರ ವರ್ಷದ ಹಿಂದೆ ಉತ್ತರ-ದಕ್ಷಿಣ ಈಜಿಪ್ಟ್ ಒಂದಾದ ದಿನದ ಫೋಟೋ’ ಅಂತ ಒಬ್ಬ ಕೂಗುತ್ತಿದ್ದ. ಅದನ್ನು ನನಗೆ ಕಳಿಸಿದವರು ಹನ್ನೊಂದು ಜನ. ‘ಸಾರ್, ನಿಮ್ಮ ಸಬ್ಜೆಕ್ಟು’ ಅಂತ ಒಕ್ಕಣೆ ಬೇರೆ.

ಫೋಟೋ ಅಂತೆ!

ಆ ಕಲ್ಲನ್ನು ಒಂದು ಸಲ ನಿಧಾನಕ್ಕೆ ನೋಡಿ. 64 ಸೆಂಟಿಮೀಟರ್, ಅಂದರೆ ಒಂದೂವರೆ ಮೊಳಕ್ಕೆ ಸ್ವಲ್ಪ ಕಮ್ಮಿ. ಕಣ್ಣಿಗೆ ಹಚ್ಚುವ ಬಣ್ಣ ಅರೆಯುವ ಕಲ್ಲಿನ ಆಕಾರ. 1898ರ ಹೊತ್ತಿಗೆ ದಕ್ಷಿಣ ಈಜಿಪ್ಟಿನ ಹೀರಾಕಾನ್‌ಪೊಲಿಸ್‌ನ ಗುಡಿ ಅಗೆಯುವಾಗ ಸಿಕ್ಕಿದ್ದು. ಒಂದು ಬದಿಯಲ್ಲಿ ದಕ್ಷಿಣದ ಬಿಳಿ ಕಿರೀಟ ತೊಟ್ಟ ರಾಜ ಗದೆ ಎತ್ತಿದ್ದಾನೆ, ಇನ್ನೊಂದು ಕೈಯಲ್ಲಿ ಮಂಡಿಯೂರಿದವನ ಜುಟ್ಟು. ರಾಜನ ಸೊಂಟದಿಂದ ಗೂಳಿಯ ಬಾಲ ನೇತಾಡುತ್ತಿದೆ. ಎದುರಿಗೆ ಗಿಡುಗ ರೂಪದ ಹೋರಸ್ ದೇವರು, ಉತ್ತರದ ಜೌಗು ನಾಡಿನ ಗುರುತಾದ ಪಪೈರಸ್ ಜೊಂಡು ಬೆಳೆದ ತಲೆಯೊಂದಕ್ಕೆ ಮೂಗುದಾರ ಹಾಕಿ ಹಿಡಿದಿದ್ದಾನೆ. ತಿರುಗಿಸಿದರೆ ರಾಜನಿಗೆ ಉತ್ತರದ ಕೆಂಪು ಕಿರೀಟ. ಮುಂದೆ ಹತ್ತು ಹೆಣಗಳ ಸಾಲು, ಕಡಿದ ತಲೆಗಳು ಅವರವರ ಕಾಲ ನಡುವೆ. ಕೆಳಗೊಂದು ಗೂಳಿ ಕೊಂಬಿನಿಂದ ಊರ ಗೋಡೆ ಕೆಡವುತ್ತಿದೆ. ಆ ಗೂಳಿಯೂ ರಾಜನೇ. ಯಾವ ಕ್ಯಾಮೆರಾದಲ್ಲಿ ರಾಜ ಗೂಳಿಯಾಗಿ ಬೀಳ್ತಾನೆ ಸ್ವಾಮಿ?

ಆ ಗದೆ ಎತ್ತಿದ ಭಂಗಿಯೂ ನಾರ್ಮರ್‌ನ ಸ್ವಂತದ್ದಲ್ಲ. ಫಲಕ ಸಿಕ್ಕ ಅದೇ ಊರಿನ 100ನೇ ನಂಬರ್ ಗೋರಿಯ ಗೋಡೆಯಲ್ಲಿ, ಅವನಿಗಿಂತ ಕೆಲವು ನೂರು ವರ್ಷ ಮೊದಲೇ ಇನ್ಯಾರೋ ಹಾಗೆ ಎತ್ತಿ ನಿಂತಿದ್ದಾರೆ. ಅವನಾದ ಮೂರು ಸಾವಿರ ವರ್ಷಕ್ಕೆ ಎಡ್ಫು ಗುಡಿಯ ಹೆಬ್ಬಾಗಿಲಲ್ಲಿ ಹನ್ನೆರಡನೇ ಟಾಲೆಮಿಯೂ ವೈರಿಗಳ ಜುಟ್ಟು ಹಿಡಿದಿದ್ದಾನೆ. ಯಾರು ಈ ಮಹಾಶೂರ? ಕ್ಲಿಯೋಪಾತ್ರಳ ಅಪ್ಪ. ಸ್ವಂತ ಜನರಿಗೆ ಹೆದರಿ ರೋಮ್‌ಗೆ ಓಡಿಹೋಗಿ, ರೋಮನ್ ಸೈನ್ಯದ ಹಿಂದೆ ವಾಪಸ್ ಬಂದವನು.

ಇಷ್ಟೂ ಸಾಲದಿದ್ದರೆ ನಾರ್ಮರ್ ಆಗಿ ಎಷ್ಟೋ ನೂರು ವರ್ಷಕ್ಕೆ ಬಂದ ಸಹೂರೆ ರಾಜನ ಗುಡಿಯ ಕೆತ್ತನೆ ನೋಡಿ. ಸೋತ ಲಿಬಿಯಾ ನಾಯಕನ ಹೆಂಡತಿ, ಇಬ್ಬರು ಮಕ್ಕಳು, ಹೆಸರು ಸಮೇತ. ಆಮೇಲಿನ ರಾಜ ಎರಡನೇ ಪೆಪಿಯ ಗುಡಿಯಲ್ಲೂ ಅದೇ ಮೂರು ಹೆಸರು. ಸಹೂರೆಯಾದ ಸುಮಾರು 1,800 ವರ್ಷಕ್ಕೆ ತಹಾರ್ಕ ಎಂಬ ರಾಜ ಈಗಿನ ಸುಡಾನಿನ ಕಾವಾದಲ್ಲಿ ಕಟ್ಟಿಸಿದ ಗುಡಿಯಲ್ಲೂ ಅದೇ ಹೆಂಡತಿ, ಅದೇ ಮಕ್ಕಳು! ಪಾಪ, ಎಷ್ಟು ಸಲ ಸೋಲಬೇಕು ಒಂದು ಸಂಸಾರ?

‘ಅಬಿಡೋಸ್‌ನಲ್ಲಿ ಸಿಕ್ಕ, ಸಾಮಾನಿಗೆ ಕಟ್ಟುತ್ತಿದ್ದ ಪುಟ್ಟ ಚೀಟಿಯಲ್ಲೂ ನಾರ್ಮರ್ ಜೊಂಡಿನ ತಲೆಯವನನ್ನು ಹೊಡೀತಿದ್ದಾನಲ್ಲ, ಆಗ ವರ್ಷಕ್ಕೆ ಅದರ ದೊಡ್ಡ ಘಟನೆಯ ಹೆಸರಿಡುತ್ತಿದ್ದರು, ಆ ವರ್ಷಕ್ಕೇ ಆ ಹೆಸರಲ್ಲವೇ’ ಅಂತ ತಿಳಿದವರು ಈಗ ಕಾಮೆಂಟ್ ಹಾಕ್ತೀರಿ. ಗೊತ್ತು. ಏನೋ ಒಂದು ಜಗಳ ನಡೆದಿರಬಹುದು, ಯಾರು ಬೇಡ ಅಂದರು? ಆದರೆ ವರ್ಷಕ್ಕೆ ಹೆಸರಿಟ್ಟವರೂ ರಾಜನ ಕಡೆಯವರೇ ಅಲ್ವಾ. ಜುಟ್ಟು ಸಿಕ್ಕಿಬಿದ್ದವನ ಕಡೆಯಿಂದ ಒಂದು ಚೀಟಿ ಸಿಗಲಿ, ಆಮೇಲೆ ಮಾತಾಡೋಣ.

ಇಷ್ಟು ಹಾರಾಡ್ತೀನಲ್ಲ, ಒಂದು ಒಪ್ಪಿಕೊಂಡುಬಿಡ್ತೀನಿ. ನಾನೂ ವರ್ಷಗಟ್ಟಲೆ ಕ್ಲಾಸಲ್ಲಿ ‘ಕ್ರಿ.ಪೂ. 3100, ನಾರ್ಮರ್, ಏಕೀಕರಣ’ ಅಂತ ಬೋರ್ಡ್ ಮೇಲೆ ಬರೆದು ಕೈ ಒರೆಸಿಕೊಂಡವನೇ. ಒಂದು ಸಲ ಹಿಂದಿನ ಬೆಂಚಿನ ಹುಡುಗಿ ಕೇಳಿದಳು: “ಸಾರ್, ರಾಜ ಬರಿಗಾಲಲ್ಲಿದ್ದಾನೆ. ಹಿಂದೆ ಒಬ್ಬ ಚಪ್ಪಲಿ ಹಿಡ್ಕೊಂಡಿದ್ದಾನಲ್ಲ, ಅವನ್ಯಾರು?” “ಅದು ಸಿಲಬಸ್‌ನಲ್ಲಿಲ್ಲ, ಕೂತ್ಕೋ” ಅಂದೆ. ಕ್ಲಾಸು ನಕ್ಕಿತು.

ಎಷ್ಟೋ ವರ್ಷದ ಮೇಲೆ ಡೆನ್ ಎಂಬ ರಾಜನ ದಂತದ ಚೀಟಿಯ ಬಗ್ಗೆ ಓದಿದೆ. ಬ್ರಿಟಿಷ್ ಮ್ಯೂಸಿಯಂನಲ್ಲಿದೆ, ಬೆಂಕಿಪೊಟ್ಟಣದಷ್ಟು ಇರಬಹುದು. ಮುಂದೆ ಅದೇ ಗದೆ, ಅದೇ ಜುಟ್ಟು, ‘ಪೂರ್ವದವರನ್ನು ಬಡಿದ ಮೊದಲ ಸಲ’ ಅನ್ನೋ ಬರಹ. ಹಿಂದೆ ಒಂದು ಜೊತೆ ಚಪ್ಪಲಿ. ಅದು ರಾಜನ ಚಪ್ಪಲಿಗೆ ಕಟ್ಟಿದ್ದ ಚೀಟಿ!

ಆ ಹುಡುಗಿ ಇದನ್ನು ಓದ್ತಿದ್ದರೆ, ಸಾರಿ ಕಣಮ್ಮ. ನೀನು ಕೇಳಿದ ಆ ಚಪ್ಪಲಿಯವನು ಫಲಕದ ಎರಡೂ ಬದಿಯಲ್ಲಿದ್ದಾನೆ. ಒಂದು ಕೈಯಲ್ಲಿ ಚಪ್ಪಲಿ, ಇನ್ನೊಂದರಲ್ಲಿ ಪುಟ್ಟ ಕೊಡ.