ಸಪ್ಪೆ

"ಅಪ್ಪಚ್ಚಿ, ಸಪ್ಪೆ ಆಗೋತು."

ರಾತ್ರಿ ಒಂಬತ್ತೂವರೆ. ಶಿರಸಿಯಲ್ಲಿ ಮಳೆ ಹೊಯ್ಯುತ್ತಿತ್ತು, ಕರೆಂಟು ಹೋಗಿತ್ತು, ನಾನು ಕಂಬಳಿ ಕೊಡವುತ್ತಿದ್ದೆ. ಸಿಯಾಟಲ್‌ನಲ್ಲಿರುವ ಅಣ್ಣನ ಮಗನಿಗೆ ಆಗಷ್ಟೇ ಬೆಳಗಿನ ಒಂಬತ್ತು. ಸಪ್ಪೆ ಆದದ್ದು ಎಂತದು ಅಂದರೆ, ಬಿಯರು. ಮನೆಯಲ್ಲೇ ಕುದಿಸಿ ಹುದುಗು ಬರಿಸಿದ್ದು, 20 ಲೀಟರು.

ಅಲ್ಲಿ ಅದಕ್ಕೆ ಕಾನೂನಿನ ಅಡ್ಡಿಯಿಲ್ಲ. ಇಲ್ಲಿ ಮಾಡಿದ್ದರೆ ರುಚಿ ನೋಡಲಿಕ್ಕೆ ಅಬಕಾರಿಯವರೇ ಬರುತ್ತಿದ್ದರು. ನಾನು ಬಿಯರು ಮುಟ್ಟಿದವನಲ್ಲ ಎಂದು ನಮ್ಮನೆಯಲ್ಲಿ ಎಲ್ಲರೂ ನಂಬಿದ್ದಾರೆ, ಆ ನಂಬಿಕೆಗೆ ಧಕ್ಕೆ ತರುವ ಉದ್ದೇಶ ನನಗಿಲ್ಲ. ಆದರೂ ಇವನಿಗೆ ಮಗುವಿನ ಕೆಮ್ಮಿಗೂ ಕಾರಿನ ಸಾಲಕ್ಕೂ ಅಪ್ಪಚ್ಚಿಯೇ ಬೇಕು.

"ಕಹಿನೇ ಇಲ್ಲೆ. ನೀರು ಕುಡದಂಗೆ ಆಗ್ತು."

ಕಾರಣ ಅವನ ಬಾಯಿಂದಲೇ ಬಂತು. ಕುದಿಸಿದ್ದು ಕಡಿಮೆ ಕಂಡಿತೆಂದು ಡಬ್ಬಿ ತುಂಬುವಷ್ಟು ತಣ್ಣೀರು ಹೊಯ್ದಿದ್ದಾನೆ. ರಸ ಎಷ್ಟು ಗಟ್ಟಿಯೆಂದು ಅಳೆಯುವಾಗ 1.048 ತೋರಿಸಬೇಕಾದ ಮಾಪಕ 1.032ಕ್ಕೇ ನಿಂತಿದೆ. ಬಿಯರಿಗೆ ಕಹಿ ಕೊಡುವ ಹಾಪ್ಸ್ ಹೂವನ್ನಂತೂ ಒಲೆ ಆರಿಸಿದ ಮೇಲೆ, ಸಾರಿಗೆ ಕೊತ್ತಂಬರಿ ಸೊಪ್ಪು ಉದುರಿಸಿದ ಹಾಗೆ ಉದುರಿಸಿದ್ದಾನೆ! ಅದರ ಆಲ್ಫಾ ಆಮ್ಲ ಒಂದು ತಾಸಾದರೂ ಕುದ್ದರೆ ಕಹಿಯಾಗಿ ನೀರಿಗೆ ಇಳಿಯುತ್ತದೆ. ಕಡೆಗೆ ಹಾಕಿದರೆ ಬರೀ ಪರಿಮಳ. ಇದನ್ನೆಲ್ಲ ಹೇಳಿದವನೂ ಅವನೇ. ಇಷ್ಟು ಗೊತ್ತಿದ್ದೂ ಯಾಕೆ ಹಾಗೆ ಮಾಡಿದೆಯೋ ಅಂದರೆ, "ಕಹಿ ಕಡಿಮೆ ಇದ್ರೆ ಚೊಲೋ ಹೇಳಿ ಯಾರೋ ಹೇಳಿದ್ದ."

ಆ 'ಯಾರೋ' ನನ್ನ ಕೈಗೆ ಸಿಗಬೇಕು. ಈಗ ಎಲ್ಲರಿಗೂ ಕಹಿಯ ಮೇಲೆ ಹಗೆ. ಹಾಗಲಕಾಯಿಗೆ ಉಪ್ಪು ಸವರಿ, ಹಿಂಡಿ, ಇದ್ದ ಗುಣವನ್ನೆಲ್ಲ ಬಚ್ಚಲಿಗೆ ಚೆಲ್ಲಿ, ಮೇಲಿಂದ ಬೆಲ್ಲ ಸುರಿದು ಮೆಣಸ್ಕಾಯಿ ಗೊಜ್ಜು ಮಾಡುತ್ತಾರೆ. ಅಷ್ಟು ಕಷ್ಟ ಯಾಕೆ, ಸೌತೆಕಾಯಿ ತಿನ್ನಿ ಮಾರಾಯ್ರೆ. ಇದನ್ನು ನಮ್ಮ ಮನೆಯ ಅಡುಗೆಮನೆಗೆ ಕೇಳುವಷ್ಟು ಜೋರಾಗಿ ಹೇಳುವ ಧೈರ್ಯ ಮಾತ್ರ ನನಗಿನ್ನೂ ಬಂದಿಲ್ಲ.

ಫೋನು ಹಿಡಿದುಕೊಂಡೇ ನನಗೆ ಯಲ್ಲಾಪುರದ ಕಡೆಯ ಒಂದು ಉಪನಯನ ನೆನಪಾಯಿತು. ಮುನ್ನೂರು ಜನ, ಒಂದು ಹಂಡೆ ಅಪ್ಪೆಹುಳಿ, ಅಂದರೆ ಮಾವಿನಕಾಯಿಯ ತಿಳಿಸಾರು. ಆ ವರ್ಷದ ಮಾವಿನಕಾಯಿಗೆ ಮೊದಲೇ ಹುಳಿಯಿರಲಿಲ್ಲ. ಸಾಲದ್ದಕ್ಕೆ ಉತ್ಸಾಹಿ ಭಾವನೊಬ್ಬ ಎರಡು ಕೊಡ ನೀರು ಹೊಯ್ದುಬಿಟ್ಟ. ಒಬ್ಬ ನಿಂಬೆಹಣ್ಣು ಹಿಂಡು ಅಂದ, ಇನ್ನೊಬ್ಬ ಉಪ್ಪು ಹೆಚ್ಚಿಸು ಅಂದ, ಮೂರನೆಯವನು ಮಜ್ಜಿಗೆಯ ಪಾತ್ರೆಯನ್ನೇ ಹೊತ್ತು ತಂದ. ಅಡುಗೆ ಭಟ್ಟರು ಬಾಯೊಳಗಿನ ಕವಳ ಉಗಿದು ಬಂದು, "ಹಂಡೆಗೆ ಯಾರಾದ್ರೂ ಕೈ ಹಾಕಿದ್ರೆ ಆನು ಮನೆಗೆ ಹೋಗ್ತಿ" ಅಂದರು. ಮಜ್ಜಿಗೆ ವಾಪಸ್ಸು ಹೋಯಿತು.

ಭಟ್ಟರು ಒಂದು ಹಿಡಿ ಒಣ ವಾಟೆಹುಳಿಯನ್ನು ಚೊಂಬು ನೀರಿನಲ್ಲಿ ಹಾಕಿ ಪಕ್ಕದ ಒಲೆಗೇರಿಸಿದರು. ಅದು ಅರ್ಧಕ್ಕಿಳಿದು ಕಪ್ಪಗಾಗುವವರೆಗೂ ಅತ್ತ ತಿರುಗಿಯೂ ನೋಡಲಿಲ್ಲ. ಹೊರಗೆ ಬಾಳೆ ಹಾಕಿ ಆಗಿತ್ತು, ಜನ ಕೂತೂ ಆಗಿತ್ತು. ಆಮೇಲೆ ಬಟ್ಟೆಯಲ್ಲಿ ಸೋಸಿ, ಬಟ್ಟಲಿಗೆ ಒಂದು ಸೌಟು ಅಪ್ಪೆಹುಳಿ, ಅದಕ್ಕೊಂದು ಚಮಚ ಈ ಕಷಾಯ. ಅಂಗೈಗೆ ಬಿಟ್ಟು ನೆಕ್ಕಿದರು. ಇನ್ನರ್ಧ ಚಮಚ. ಮತ್ತೆ ನೆಕ್ಕಿದರು. ಕಣ್ಣು ಮುಚ್ಚಿ ಹಂಡೆಯ ಲೆಕ್ಕ ಹಾಕಿ ಅಳೆದು ಹೊಯ್ದರು, ಮೇಲೆ ಇಂಗಿನ ಒಗ್ಗರಣೆ. ನಮ್ಮ ದೊಡ್ಡ ಮಾವ ಏಳು ಲೋಟ ಕುಡಿದು ಚಪ್ಪರದಲ್ಲೇ ಉರುಳಿಕೊಂಡವರು ಕಡೆಯ ಬಸ್ಸು ಹೋದರೂ ಏಳಲಿಲ್ಲ. ನೀರು ಹೊಯ್ದ ಭಾವ, "ಹದ ಆನೇ ಮಾಡಿದ್ದು" ಎಂದು ಇವತ್ತಿಗೂ ಹೇಳುತ್ತಾನೆ.

ಇದನ್ನೆಲ್ಲ ಹುಡುಗನಿಗೆ ಸಾವಕಾಶ ಹೇಳಿದೆ. ಹಾಪ್ಸನ್ನು ಬೇರೆ ಪಾತ್ರೆಯಲ್ಲಿ ಒಂದು ತಾಸು ಕುದಿಸು, ಸೋಸಿ ಆರಿಸು, ಒಂದು ಲೋಟದಲ್ಲಿ ಹದ ನೋಡಿ ಆಮೇಲೆ ಡಬ್ಬಿಗೆ ಹೊಯ್ಯಿ, ಜಾಸ್ತಿ ಕದಡಬೇಡ, ಗಾಳಿ ಸೇರಿದರೆ ಬಿಯರು ಕೆಡುತ್ತದಂತೆ. ಅವನಿಗೆ ಖುಷಿಯಾಯಿತು. ತೆಳುವಿಗೆ ಸಕ್ಕರೆ ಹಾಕಲೋ ಅಂದ. ಸಕ್ಕರೆಗೆ ಅಮಲು ಏರುತ್ತದೆ, ಬಿಯರಿನ ಮೈ ಇನ್ನೂ ತೆಳ್ಳಗಾಗುತ್ತದೆ. ಮಾಲ್ಟ್ ಸಾರವನ್ನೇ, ಅಂದರೆ ಮೊಳಕೆ ಬರಿಸಿದ ಬಾರ್ಲಿಯ ರಸವನ್ನೇ, ಕುದಿಸಿ ಆರಿಸಿ ಹಾಕಿ ಇನ್ನೊಮ್ಮೆ ಹುದುಗಲು ಬಿಡು ಅಂದೆ.

"ನಿಂಗೆ ಇದೆಲ್ಲ ಹೆಂಗೆ ಗೊತ್ತು ಅಪ್ಪಚ್ಚಿ?"

ಕರೆಂಟು ಬಂತು ಎಂದು ಫೋನಿಟ್ಟೆ. ಬಂದಿರಲಿಲ್ಲ.

ಮೂರು ವಾರವಾಯಿತು, ಅವನ ಸುದ್ದಿಯಿಲ್ಲ. ಇವತ್ತು ಬೆಳಿಗ್ಗೆ ಅಡುಗೆಮನೆಗೆ ಹೋದರೆ, ಜರಡಿಯಲ್ಲಿ ಉಪ್ಪು ಸವರಿದ ಹಾಗಲಕಾಯಿ ಹೋಳು. ಅಡಿಗಿಟ್ಟ ಬಟ್ಟಲಲ್ಲಿ ತೊಟ್ಟಿಕ್ಕಿದ ಹಸಿರು ನೀರು. ಇವಳು ಹಿತ್ತಲಿಗೆ ಹೋದದ್ದು ನೋಡಿಕೊಂಡು ಬಟ್ಟಲೆತ್ತಿ ಕುಡಿದುಬಿಟ್ಟೆ.

ಉಪ್ಪು ಜಾಸ್ತಿಯಾಗಿತ್ತು.