ಯಾವಾಗ ಮುಗೀತೈತಿ ಅಂತ ಕೇಳಬ್ಯಾಡ್ರಿ

ಮಧ್ಯಾಹ್ನದಿಂದ ಒಳಗೊಳಗೇ ಕುದಿಯುತ್ತಿದ್ದೇನೆ. ಬರೆದು ಹಗುರಾಗದಿದ್ದರೆ ರಾತ್ರಿ ನಿದ್ದೆ ಹತ್ತುವುದಿಲ್ಲ. ಉದ್ದ ಆಗುತ್ತದೆ, ಪುರುಸೊತ್ತಿದ್ದವರು ಓದ್ರಿ.

ಶನಿವಾರ ಬಂತೆಂದರೆ ಧಾರವಾಡದ ಮಾಳಮಡ್ಡಿಯ ನಮ್ಮ ಪಡಸಾಲೆ ಏನಾಗುತ್ತದೆ ಅಂತ ನಿಮಗೆಲ್ಲ ಗೊತ್ತೇ ಇದೆ. ದಿವಾನ ಗೋಡೆಗೆ ಸರಿಯುತ್ತದೆ, ಎರಡು ಪ್ಲೈವುಡ್ ಟೇಬಲ್ ನಡುವೆ ಬರುತ್ತವೆ, ಮೂರರಿಂದ ಆರರವರೆಗೆ ನನ್ನ ಕ್ಲಾಸಿನ ಆರು ಮಂದಿ ಕುಳಿತು ಬಣ್ಣದ ಗಾಜು ಕತ್ತರಿಸಿ, ಕೂಡಿಸಿ ಫಲಕ ಮಾಡುವುದನ್ನು ಕಲಿಯುತ್ತಾರೆ. ಇವತ್ತು ನಾಲ್ಕೂವರೆ ಸುಮಾರಿಗೆ ಒಬ್ಬ ಹುಡುಗನ ತಂದೆ ಬಂದರು. ಬಾಗಿಲಲ್ಲಿ ಚಪ್ಪಲಿ ಬಿಡಲು ಹೋದವರಿಗೆ "ಬಿಡಬ್ಯಾಡ್ರಿ, ಗಾಜಿನ ಚೂರು ಇರ್ತಾವು" ಅಂದೆ. ಮಗನ ಟೇಬಲ್ ಹತ್ತಿರ ನಿಂತು ಎರಡು ನಿಮಿಷ ನೋಡಿದರು. ಆಮೇಲೆ ಎಲ್ಲರಿಗೂ ಕೇಳುವಂತೆ ಅಂದರು: "ಐದ ತಿಂಗಳಾತಲ್ರೀ ಅಕ್ಕೋರ, ಇನ್ನೂ ಬರೇ ತುಂಡ ಅದಾವಲ್ಲ. ಯಾವಾಗ ಮುಗೀತೈತಿ ಇದು?"

ಪಡಸಾಲೆಯಲ್ಲಿ ಗಾಜಿನ ಅಂಚು ತಿಕ್ಕುವ ಗ್ರೈಂಡರ್ ಸಪ್ಪಳವೂ ನಿಂತುಹೋಯಿತು. ಹುಡುಗ ತಲೆ ಎತ್ತಲಿಲ್ಲ.

ಬರೇ ತುಂಡು! ಈ ಮಾತನ್ನು ನಾನು ಇವತ್ತೇ ಮೊದಲ ಸಲ ಕೇಳಿದ್ದಲ್ಲ. ಕ್ಲಾಸಿನವರ ಅತ್ತೆಯಂದಿರು ಕೇಳಿದ್ದಾರೆ, ಗಂಡಂದಿರು ಕೇಳಿದ್ದಾರೆ, ಎದುರು ಮನೆಯವರು ಕಿಟಕಿಯಿಂದ ಇಣುಕಿ ಕೇಳಿದ್ದಾರೆ. "ಎಷ್ಟಾತು? ಮುಗೀತೇನು? ಫೋಟೋ ಹಾಕ್ರಲ್ಲ." ಗಾಜಿನ ಕೆಲಸದಲ್ಲಿ ಒಬ್ಬ ಮನುಷ್ಯ ಎಷ್ಟು ಮುಂದೆ ಬಂದಿದ್ದಾನೆ ಅನ್ನುವುದು ಆ ತುಂಡುಗಳಲ್ಲೇ ಇರುತ್ತದೆ. ಅದನ್ನು ನೋಡುವ ತಾಳ್ಮೆ ಯಾರಿಗೂ ಇಲ್ಲ ಅನ್ನುವುದೇ ನನ್ನ ಸಿಟ್ಟು.

ಆ ಹುಡುಗನ ಟೇಬಲ್ ಮೇಲೆ ಏನಿತ್ತು ಹೇಳುತ್ತೇನೆ ಕೇಳ್ರಿ. ಲಕ್ಷ್ಮೇಶ್ವರದಲ್ಲಿ ಅವರ ಅಜ್ಜನ ಮನೆ ಕೆಡವಿದಾಗ ತಲಬಾಗಿಲ ಮೇಲಿನ ಕಮಾನಿನಲ್ಲಿದ್ದ ಬಣ್ಣದ ಗಾಜುಗಳಲ್ಲಿ ಒಡೆಯದೆ ಉಳಿದದ್ದು ಒಂದೇ ಒಂದು, ನೀಲಿ. ಅಂಥ ಅರ್ಧಚಂದ್ರದ ಕಮಾನುಗಳನ್ನು ನಮ್ಮ ಕಡೆ ವಾಡೆಗಳಲ್ಲಿ, ಹಳೆಯ ಮನೆಗಳಲ್ಲಿ ನೀವೂ ನೋಡಿರುತ್ತೀರಿ. ಬೆಳಗಿನ ಹೊತ್ತು ಪಡಸಾಲೆಯ ನೆಲದ ಮೇಲೆ ಕೆಂಪು, ಹಸಿರು, ಹಳದಿ ಬಿಸಿಲು ಚೆಲ್ಲುತ್ತಿದ್ದವು. ಆ ಒಂದು ನೀಲಿಯನ್ನು ನಡುವೆ ಇಟ್ಟು ಸುತ್ತ ಹೊಸ ಗಾಜು ಕೂಡಿಸಿ ಸಣ್ಣದೊಂದು ಕಮಾನು ಮಾಡುತ್ತೇನೆ ಅಂತ ಹುಡುಗ ಹಟ ಹಿಡಿದಿದ್ದಾನೆ. ನಾನು ಹೂಂ ಅಂದೆ. ಅದರ ಕಷ್ಟ ಏನು ಅಂತ ಅವನಿಗೂ ಹೇಳಿದ್ದೆ.

ಕಷ್ಟ ಇರುವುದು ಒಳಗೆ ಬಾಗುವ ಗೆರೆಯಲ್ಲಿ. ಹೊರಬಾಗು ಗಾಜು ಹೇಗೋ ಕೇಳುತ್ತದೆ, ಒಳಬಾಗು ಕೇಳುವುದಿಲ್ಲ. ಕಟರ್ ಗಾಜನ್ನು ಕತ್ತರಿಸುವುದೇ ಇಲ್ಲ, ಮೇಲೊಂದು ಗೀರು ಎಳೆಯುತ್ತದೆ ಅಷ್ಟೆ. ಆ ಗೀರಿನ ಗುಂಟ ಒಡೆಯುವುದು ನಮ್ಮ ಕೈಯ ಒತ್ತಡಕ್ಕೆ. ಗಾಜಿಗೆ ನೆಟ್ಟಗೆ ಓಡುವ ಚಟ. ಬಾಗು ಕಂಡ ಕೂಡಲೇ ಗೀರು ಬಿಟ್ಟು ಅಡ್ಡ ಹರಿಯುತ್ತದೆ. ಅದಕ್ಕೇ ಒಳಬಾಗನ್ನು ಒಂದೇ ಏಟಿಗೆ ತೆಗೆಯಬಾರದು. ಹುಣ್ಣಿಮೆಯಿಂದ ಚಂದ್ರ ಕರಗಿದಂತೆ ತೆಳು ತೆಳು ಹೋಳುಗಳನ್ನು ಗೀರಿ, ಇಕ್ಕಳದಿಂದ ಒಂದೊಂದೇ ಬಿಡಿಸಿಕೊಳ್ಳುತ್ತ ಒಳಗೆ ಹೋಗಬೇಕು. ಒಮ್ಮೆ ಗೀರಿದ ಕಡೆ ಮತ್ತೊಮ್ಮೆ ಗೀರುವಂತಿಲ್ಲ, ಗಾಜೂ ಕೆಡುತ್ತದೆ, ಕಟರಿನ ಗಾಲಿಯೂ ಕೆಡುತ್ತದೆ. ಮೇಲಾಗಿ ಅದು ಹಳೆಯ ಗಾಜು, ಒಂದು ಅಂಚು ದಪ್ಪ, ಇನ್ನೊಂದು ತೆಳು.

ಇರುವುದು ಒಂದೇ ಗಾಜು. ತಪ್ಪಿದರೆ ಮುಗಿಯಿತು, ಹುಬ್ಬಳ್ಳಿಯ ಯಾವ ಅಂಗಡಿಗೆ ಹೋದರೂ ಅದರ ಜೋಡಿ ಸಿಗುವುದಿಲ್ಲ. ಅದಕ್ಕೆ ಅವನು ಏನು ಮಾಡಿದ? ಸಾದಾ ಬಿಳಿ ಕಿಟಕಿ ಗಾಜು ತಂದು ಅದೇ ಬಾಗನ್ನು ಅದರ ಮೇಲೆ ಬರೆದುಕೊಂಡು ಕತ್ತರಿಸುತ್ತ ಕುಳಿತ. ಏಳು ಶನಿವಾರ. ನೂರು ಪುಟದ ವಹಿಯಲ್ಲಿ ತಾರೀಖು ಹಾಕಿ ಬರೆದಿಟ್ಟಿದ್ದಾನೆ: ಮೊದಲ ಒಂಬತ್ತು ಒಡೆದವು. ಹತ್ತನೆಯದು ಬಂತು, ಹನ್ನೊಂದು ಮತ್ತೆ ಒಡೆಯಿತು. ಇವತ್ತಿಗೆ ಮೂವತ್ತೊಂದು. ಕಡೆಯ ಆರು ಅಂಚು ಮುಕ್ಕಾಗದೆ ಬಂದಿವೆ. ಅವರ ತಂದೆ ಕಂಡ "ಬರೇ ತುಂಡು" ಇವೇ.

ಕಣ್ಣು ಮುಚ್ಚಿಕೊಂಡಿದ್ದರೂ ನನಗೆ ಅವನ ಕೈ ಸುಧಾರಿಸಿದ್ದು ಗೊತ್ತಾಗುತ್ತದೆ. ಹೊಸಬರು ಕಟರ್ ಒತ್ತಿ ಎಳೆದರೆ ಕರಕರ ಅನ್ನುತ್ತದೆ, ಗೀರಿನ ಗುಂಟ ಬಿಳಿ ಪುಡಿ ಏಳುತ್ತದೆ. ಕೈ ಹದಕ್ಕೆ ಬಂದವರದು ರೊಟ್ಟಿ ಹಂಚಿನ ಮೇಲೆ ಎರಡು ಹನಿ ನೀರು ಬಿದ್ದಾಗಿನ ಸಪ್ಪಳ. ಸುಂಯ್ ಅಂದು ಮುಗಿಯುತ್ತದೆ. ಆಗಸ್ಟಿನಲ್ಲಿ ಅವನ ಟೇಬಲ್ಲಿನಿಂದ ಕರಕರ ಬರುತ್ತಿತ್ತು. ಈಗ ಬರುವುದಿಲ್ಲ. ಇದಕ್ಕಿಂತ ದೊಡ್ಡ ಪ್ರಗತಿಪತ್ರ ನಾನು ಎಲ್ಲಿಂದ ತಂದುಕೊಡಲಿ?

ಉಳಿದವರದೂ ಕೇಳ್ರಿ. ನವಲಗುಂದದಿಂದ ಬಸ್ಸಿಗೆ ಬರುವ ಹುಡುಗಿ ಅವರೂರಿನ ಜಮಖಾನದ ನವಿಲನ್ನು ಗಾಜಿಗೆ ಇಳಿಸುತ್ತಿದ್ದಾಳೆ. ನೆಯ್ಗೆಯ ನವಿಲು ಮೊದಲೇ ನೇರ ಗೆರೆಗಳದ್ದು, ಗಾಜಿಗೆ ಹೇಳಿ ಮಾಡಿಸಿದಂತಿದೆ, ಅವಳ ಕೆಲಸ ಭರ್ರನೆ ಸಾಗಿದೆ. ಅವಳ ಪಕ್ಕದಲ್ಲಿ ಕೂಡುವ ಕಾಕು ಕಸೂತಿಯ ಗೋಪುರ ಆರಿಸಿಕೊಂಡರು. ನಲವತ್ತು ವರ್ಷ ಇಳಕಲ್ ಸೀರೆಯ ಮೇಲೆ ಗವಂತಿ, ಮುರಗಿ ಹೊಲಿಗೆ ಹಾಕಿದ ಕೈ, ಗಂಟಿಲ್ಲದೆ ಎರಡೂ ಬದಿ ಒಂದೇ ನಮೂನೆ ಬರುವಂತೆ ಹಾಕುವ ಕೈ. ಆದರೆ ಗೋಪುರದ ಮೆಟ್ಟಿಲು ಮೆಟ್ಟಿಲು ಅಂಚಿನಲ್ಲಿ ಪ್ರತಿ ಹೆಜ್ಜೆಗೂ ಒಂದು ಒಳಮೂಲೆ. ಬಟ್ಟೆಯಲ್ಲಿ ದಾರ ತಿರುಗಿಸಿದರೆ ಆಯಿತು. ಗಾಜನ್ನು ಅಂಥ ಮೂಲೆಗೆ ಕೈಯಿಂದ ಕತ್ತರಿಸಲು ಹೋದರೆ ಮೂಲೆಯಿಂದಲೇ ಸೀಳು ಹೊರಡುತ್ತದೆ.

ಕಾಕು ಮೂರು ವಾರ ಬರೀ ಚಿತ್ರ ಬರೆದರು. ಒರೆಸಿದರು, ಬರೆದರು. ಪ್ರತಿ ಮೆಟ್ಟಿಲನ್ನೂ ಬೇರೆ ತುಂಡು ಮಾಡಿದರೆ ಒಳಮೂಲೆಯೇ ಉಳಿಯುವುದಿಲ್ಲ ಅಂತ ಅವರಿಗೇ ಹೊಳೆಯಿತು. ಆ ಹೊತ್ತಿಗೆ ಅವರು "ಅಯ್ಯ, ಇಲ್ಲಿ ಗೆರಿ ಬಂದ್ರ ಅದು ಗೋಪುರದ ಎಲುಬು ಆಗ್ತೈತಲ್ಲ!" ಅಂತ ನನ್ನ ಕೈ ಹಿಡಿದು ಹೇಳಿದ್ದನ್ನು ನಾನು ಮರೆಯುವುದಿಲ್ಲ. ಆ ಮೂರು ವಾರ ಅವರು ಒಂದು ಚೂರು ಗಾಜನ್ನೂ ಮುಟ್ಟಿರಲಿಲ್ಲ. ಮನೆಯಲ್ಲಿ ಸೊಸೆ ಕೇಳಿದಳಂತೆ, "ಅತ್ತೀ, ಇನ್ನೂ ಪೆನ್ಸಿಲ್ಲೇ ಹಿಡದೀರಿ?" ಅಂತ.

ಬ್ಯಾಂಕಿನಿಂದ ನಿವೃತ್ತರಾದ ಕಾಕಾ ಬೆಸುಗೆಯ ಹಂತಕ್ಕೆ ಬಂದಿದ್ದಾರೆ. ಬರೀ ಗಾಜಿಗೆ ಬೆಸುಗೆ ಹಿಡಿಯುವುದಿಲ್ಲ, ಅದಕ್ಕೇ ತುಂಡಿನ ಅಂಚಿಗೆ ತಾಮ್ರದ ಪಟ್ಟಿ ಸುತ್ತಿ ಅದರ ಮೇಲೆ ಬೆಸುಗೆ ಹಾಕಿ ಕೂಡಿಸುವುದು. 3 ಮಿ.ಮೀ. ಗಾಜಿನ ಅಂಚಿಗೆ 5.5 ಮಿ.ಮೀ. ತಾಮ್ರದ ಪಟ್ಟಿ ಸುತ್ತಿದರೆ ಎರಡೂ ಬದಿಗೆ ಮಡಚಲು ಒಂದು ಮಿ.ಮೀ.ಗಿಂತ ತುಸು ಹೆಚ್ಚು ಸಿಗುತ್ತದೆ ಅಷ್ಟೆ. ಕೂದಲೆಳೆಯಷ್ಟು ಸರಿದರೂ ಬೆಸುಗೆಯ ಗೆರೆ ಸೊಟ್ಟ. ಅವರು 84 ತುಂಡಿಗೆ ಸುತ್ತಿದ್ದಾರೆ, ಸೊಟ್ಟ ಬಂದದ್ದನ್ನು ಕಿತ್ತು ಮತ್ತೆ ಸುತ್ತಿದ್ದಾರೆ. ಬೆಸುಗೆಯದು 60 ಪಾಲು ತವರ, 40 ಪಾಲು ಸೀಸ. ಬೆಸುಗೆ ಹಾಕುವ ಐರನ್ನಿನ ತುದಿ ತಿಕ್ಕಲು ನವಸಾಗರದ ಗಟ್ಟಿ ಕೊಟ್ಟಾಗ ಮೂಸಿ ನೋಡಿ, "ನಮ್ಮ ಓಣ್ಯಾಗ ಕಲಾಯಿ ಹಾಕಾಂವ ಬಂದಾಗ ಇದ ವಾಸನಿ ಬರತಿತ್ತು" ಅಂದರು. ಹಿತ್ತಾಳೆ ಪಾತ್ರೆಗೆ ತವರ ಹಿಡಿಸುತ್ತಿದ್ದ ಅದೇ ನವಸಾಗರ ಇಲ್ಲಿಯೂ ತವರ ಹಿಡಿಸುತ್ತದೆ. ಅವರ ಗೆರೆ ಇನ್ನೂ ಉಬ್ಬುತಗ್ಗು ಇದೆ, ನಿಜ. ಹೋದ ತಿಂಗಳು ಕರಗಿದ ಬೆಸುಗೆ ಗಾಜಿನ ಆಚೆ ಸೋರಿ ಟೇಬಲ್ಲಿಗೆ ಬೀಳುತ್ತಿತ್ತು. ಈ ತಿಂಗಳು ಬಿದ್ದಿಲ್ಲ.

ಈಗ ಎದುರು ಮಾತು. ಅಕ್ಕೋರ, ಫೀ ಕೊಟ್ಟವರು ಏನಾದರೂ ಮನೆಗೆ ಒಯ್ಯಬೇಕಲ್ಲ, ಗೋಡೆಗೆ ತೂಗುಹಾಕಿ ನಾಲ್ಕು ಮಂದಿಗೆ ತೋರಿಸಬೇಕಲ್ಲ ಅನ್ನುತ್ತೀರಿ. ಒಪ್ಪುತ್ತೇನೆ. ಅದಕ್ಕೇ ಮೊದಲ ತಿಂಗಳಲ್ಲೇ ಅಂಗೈ ಅಗಲದ ಒಂದು ಎಲೆ, ಐದು ತುಂಡಿನದು, ಪ್ರತಿಯೊಬ್ಬರೂ ಮಾಡಿ ಒಯ್ಯುತ್ತಾರೆ. ಅಡುಗೆಮನೆ ಕಿಟಕಿಗೆ ತೂಗುತ್ತದೆ. ಅದಾದ ಮೇಲೆ ಕೈಗೆತ್ತಿಕೊಳ್ಳುವುದು ಅವರವರ ಮನಸ್ಸಿನ ಕೆಲಸ. ಅದಕ್ಕೆ ನಾನು ತಾರೀಖು ಹಾಕುವುದಿಲ್ಲ. "ನಮ್ಮ ಅಕ್ಕನ ಮಗಳು ಯೂಟ್ಯೂಬ್ ನೋಡಿ ಒಂದೇ ದಿನದಾಗ ಮಾಡ್ಯಾಳ" ಅನ್ನುವವರಿಗೂ ಹೇಳುತ್ತೇನೆ: ಅವಳು ಬಿಳಿ ಗಾಜಿನ ಮೇಲೆ ಬಣ್ಣ ಬಳಿದಿದ್ದಾಳೆ. ಚೆಂದ ಇರಬಹುದು, ಆದರೆ ಅದು ಬೇರೆ ಕೆಲಸ. ನಮ್ಮ ನೀಲಿ ಗಾಜಿನ ನೀಲಿ ಅದರ ಮೈಯೊಳಗೇ ಇದೆ, ಕುಲುಮೆಯಲ್ಲಿ ಕರಗುವಾಗ ಕೋಬಾಲ್ಟ್ ಸೇರಿ ಬಂದದ್ದು. ಎಷ್ಟು ತಿಕ್ಕಿದರೂ, ನೂರು ವರ್ಷ ಬಿಸಿಲಿಗೆ ಇಟ್ಟರೂ ಹೋಗುವುದಿಲ್ಲ.

ಮೈಸೂರು ಅರಮನೆಗೆ ಹೋಗಿ ಬಂದವರೆಲ್ಲ ಕಲ್ಯಾಣ ಮಂಟಪದ ಗಾಜಿನ ಚಾವಣಿ, ಅದರ ನವಿಲುಗಳ ಫೋಟೋ ಹಾಕುತ್ತಾರೆ, ನಾನೂ ಹಾಕಿದ್ದೇನೆ. 1897ರಲ್ಲಿ ಹಳೆಯ ಅರಮನೆ ಸುಟ್ಟಿತು, ಹೊಸದು ಮುಗಿದದ್ದು 1912ಕ್ಕೆ. ಆ ಚಾವಣಿಯ ಗಾಜು ಬಂದದ್ದು ದೂರದ ಗ್ಲಾಸ್ಗೋದಿಂದ. ಅದರ ಕೆಳಗೆ ಕತ್ತು ನೋಯುವಷ್ಟು ಹೊತ್ತು ಮೇಲೆ ನೋಡುತ್ತ ನಿಂತವರು ಯಾರಾದರೂ ಇದಕ್ಕೇಕೆ ಇಷ್ಟು ವರ್ಷ ಹಿಡಿಯಿತು ಅಂತ ಕೇಳಿದ್ದಾರೆಯೇ? ಬಣ್ಣದ ಗಾಜಿನ ದೀಪಗಳಿಗೆ ಹೆಸರಾಗಿದ್ದ ನ್ಯೂಯಾರ್ಕಿನ ಟಿಫನಿ ಸ್ಟುಡಿಯೋದಲ್ಲಿ ಗಾಜು ಆರಿಸಿ ಕತ್ತರಿಸುವ ಹೆಂಗಸರ ವಿಭಾಗವೇ ಇತ್ತು, ಅದರ ಮುಖ್ಯಸ್ಥೆ ಕ್ಲಾರಾ ಡ್ರಿಸ್ಕಾಲ್. ಆಕೆ ವಿನ್ಯಾಸ ಮಾಡಿದ ವಿಸ್ಟೇರಿಯಾ ಅನ್ನುವ ಹೂಬಳ್ಳಿಯ ದೀಪದ ಒಂದು ಕೊಡೆಗೆ ಹೆಚ್ಚುಕಡಿಮೆ 2,000 ಗಾಜು. ಅವರ ಟೇಬಲ್ ಹತ್ತಿರ ಹೋಗಿ ನಿಂತಿದ್ದರೂ ಕಾಣುತ್ತಿದ್ದದ್ದು ಬರೇ ತುಂಡುಗಳೇ.

ಒಂದು ಮಾತು ನಾನು ಇಲ್ಲಿ ಯಾವತ್ತೂ ಬರೆದಿಲ್ಲ. ಇವತ್ತು ಬರೆದುಬಿಡುತ್ತೇನೆ.

ಎರಡು ವರ್ಷದ ಹಿಂದೆ ಒಂದು ಪ್ರದರ್ಶನಕ್ಕೆ ನಮ್ಮ ಕ್ಲಾಸಿನ ಕೆಲಸ ಇಡುವುದಿತ್ತು. ದಿನ ಗೊತ್ತಾಗಿತ್ತು, ಸಂಘಟಕರು ದಿನಕ್ಕೆರಡು ಸಲ ಫೋನ್ ಮಾಡಿ "ಮುಗೀತ್ರೀ?" ಅನ್ನುತ್ತಿದ್ದರು. ಒಬ್ಬ ಹುಡುಗಿಯ ದಾಸವಾಳದ ಫಲಕ ಇನ್ನೂ ಬೆಸುಗೆ ಕಂಡಿರಲಿಲ್ಲ. ಹಿಂದಿನ ರಾತ್ರಿ ಹನ್ನೊಂದರಿಂದ ಎರಡರವರೆಗೆ ಕುಳಿತು ನಾನೇ ಬೆಸುಗೆ ಹಾಕಿ ಮುಗಿಸಿದೆ. ಸೊಟ್ಟ ಇದ್ದ ಎರಡು ಎಸಳು ಬದಲಿಸಿ ನಾನೇ ಕತ್ತರಿಸಿ ಕೂಡಿಸಿದೆ. ಉಪಕಾರ ಮಾಡಿದೆ ಅಂದುಕೊಂಡಿದ್ದೆ. ಮರುದಿನ ಫಲಕದ ಎದುರು ಅವಳ ಹೆಸರಿನ ಚೀಟಿ ಇತ್ತು, ಅವಳು ಪಕ್ಕದಲ್ಲಿ ನಿಂತಿದ್ದಳು. ಯಾರೋ "ಎಷ್ಟ ಚೆಂದ ಮಾಡೀಯವಾ" ಅಂದರು. ಅವಳು, "ನಾ ಮಾಡಿಲ್ರೀ, ಅಕ್ಕೋರು ಮಾಡ್ಯಾರ" ಅಂದಳು. ಸಿಟ್ಟಿನಿಂದ ಅಲ್ಲ, ಇದ್ದದ್ದನ್ನು ಇದ್ದಂತೆ ಹೇಳಿದಳು. ಅದರ ಮುಂದಿನ ಶನಿವಾರ ಬರಲಿಲ್ಲ. ಆಮೇಲೂ ಬರಲಿಲ್ಲ. ಅವಳ ಕಟರು, ಇಕ್ಕಳ, ಹೆಸರು ಬರೆದ ಸ್ಟೀಲ್ ಡಬ್ಬಿ ಇವತ್ತಿಗೂ ನನ್ನ ಕಪಾಟಿನಲ್ಲಿವೆ. ಅವಳ ಸೊಟ್ಟ ಎಸಳು ಎರಡನ್ನೂ ಎತ್ತಿಟ್ಟಿದ್ದೇನೆ. ಅವು ಸೊಟ್ಟ ಇದ್ದದ್ದಕ್ಕೇ ಹೂವು ಗಾಳಿಗೆ ಹೊರಳಿದಂತೆ ಕಾಣುತ್ತಿತ್ತು ಅಂತ ನನಗೆ ಎಷ್ಟೋ ದಿನ ಆದ ಮೇಲೆ ತಿಳಿಯಿತು.

ಮುಗಿಸುವ ಅವಸರಕ್ಕೆ ನಾನು ಒಬ್ಬಳನ್ನು ಕಳೆದುಕೊಂಡಿದ್ದೇನೆ. ಇನ್ನೊಬ್ಬನನ್ನು ಕಳೆದುಕೊಳ್ಳಲು ತಯಾರಿಲ್ಲ.

ಇವತ್ತಿನದಕ್ಕೆ ಬರುತ್ತೇನೆ. ಆ ತಂದೆ ಕೆಟ್ಟವರಲ್ಲ. ನೀಲಿ ಗಾಜನ್ನು ಟವೆಲ್ಲಿನಲ್ಲಿ ಸುತ್ತಿ ಲಕ್ಷ್ಮೇಶ್ವರದಿಂದ ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ತಂದವರು ಅವರೇ. ತಾವು ಹುಟ್ಟಿದ ಮನೆಯ ಬೆಳಕು ಮತ್ತೆ ನೋಡುವ ಆಸೆ ಅವರಿಗೆ ನನಗಿಂತ ಹೆಚ್ಚೇ ಇರಬೇಕು, ಅದೇ ಆತುರ ಆಗಿ ಬಾಯಿಗೆ ಬಂದಿದೆ. ಆದರೂ ಆ ಮಾತು ಇವತ್ತು ಬರಬಾರದಿತ್ತು. ಯಾಕೆಂದರೆ ನೀಲಿ ಗಾಜು ಕತ್ತರಿಸಬೇಕು ಅಂತ ನಾವು ಗೊತ್ತುಮಾಡಿದ್ದ ದಿನ ಇವತ್ತೇ. ಬೆಳಿಗ್ಗೆ ಹುಡುಗ ಮೆಸೇಜ್ ಮಾಡಿ ಕೇಳಿದ್ದ, "ಇವತ್ತ ಮಾಡೂಣಲ್ರೀ?"

ತಂದೆ ಹೊರಗೆ ಕಟ್ಟೆಯ ಮೇಲೆ ಹೋಗಿ ಕುಳಿತ ಮೇಲೆ ಅವನು ಗಾಜು ತೆಗೆದ. ಬಟ್ಟೆಯಿಂದ ಒರೆಸಿದ, ಕಪ್ಪು ಮಾರ್ಕರಿನಿಂದ ಬಾಗು ಬರೆದ. ಕಟರಿಗೆ ಎಣ್ಣೆ ಮುಟ್ಟಿಸಿ ಅಂಚಿಗೆ ಹಚ್ಚಿದ. ಟೇಬಲ್ಲಿನ ಆಚೆಯಿಂದ ಕಾಕು, ನವಲಗುಂದದ ಹುಡುಗಿ, ಎಲ್ಲರೂ ಅವನ ಕೈ ನೋಡುತ್ತಿದ್ದರು. ಅರ್ಧ ನಿಮಿಷ ಹಾಗೇ ಇದ್ದ. ಆಮೇಲೆ ಕಟರ್ ಕೆಳಗಿಟ್ಟ. "ಅಕ್ಕೋರ, ಕೈ ನಡಗಾಕತ್ತೈತಿ. ಇವತ್ತ ಬ್ಯಾಡ." ಗಾಜನ್ನು ಹಳೆಯ ಪೇಪರಿನಲ್ಲಿ ಸುತ್ತಿ ಕಪಾಟಿನ ಮೇಲಿನ ಅರೆಗೆ ಇಟ್ಟು, ಒಂದು ಬಿಳಿ ತುಂಡು ತೆಗೆದುಕೊಂಡು ಮತ್ತೆ ಬಾಗು ಬರೆಯಲು ಕುಳಿತ. ವಹಿಯಲ್ಲಿ ಮೂವತ್ತೆರಡು ಅಂತ ಬರೆದ.

ನಡುಗುವ ಕೈಯಿಂದ ಆ ಗಾಜು ಮುಟ್ಟಬಾರದು ಅಂತ ಅವನಿಗೆ ನಾನು ಹೇಳಿಕೊಟ್ಟಿಲ್ಲ. ಐದು ತಿಂಗಳಲ್ಲಿ ಅವನೇ ಕಲಿತದ್ದು ಅದು.

ಮುಂದಿನ ಶನಿವಾರ ಮೂರರಿಂದ ಆರರವರೆಗೆ ಪಡಸಾಲೆಯ ಬಾಗಿಲು ಹಾಕಿರುತ್ತದೆ. ಮಕ್ಕಳನ್ನು, ಅತ್ತೆಯರನ್ನು, ಗಂಡಂದಿರನ್ನು ಕರೆದೊಯ್ಯಲು ಬರುವವರು ದಯವಿಟ್ಟು ಕಟ್ಟೆಯ ಮೇಲೆ ಕೂಡ್ರಿ, ಚಹಾ ಅಲ್ಲಿಗೇ ಬರುತ್ತದೆ. ಸೀಸದ ಕೆಲಸ, ಒಳಗೆ ಯಾರೂ ಏನೂ ತಿನ್ನುವ, ಕುಡಿಯುವ ಹಾಗಿಲ್ಲ. ಆರರ ಮೇಲೆ ಒಳಗೆ ಬರ್ರಿ, ಎಷ್ಟು ಹೊತ್ತಾದರೂ ನಿಂತು ನೋಡ್ರಿ, ತುಂಡುಗಳನ್ನು ಅಂಚು ಹಿಡಿದು ಎತ್ತಿ ಬೆಳಕಿಗೆ ಹಿಡಿದು ನೋಡ್ರಿ. ಯಾವಾಗ ಮುಗೀತೈತಿ ಅಂತ ಮಾತ್ರ ಕೇಳಬ್ಯಾಡ್ರಿ.