ಕೇಳಿಸಿಕೊಳ್ಳುವ ನಟ

ಹೊನ್ನಾವರದ ಬಸ್ ನಿಲ್ದಾಣದ ಹೊರಗೆ ನಿಲ್ಲುವ ಆಟೊಗಳ ಹಿಂಬದಿಯಲ್ಲಿ ಇಂದಿಗೂ ಶಂಕರ್ ನಾಗ್ ಅವರ ಚಿತ್ರ ಕಾಣಸಿಗುತ್ತದೆ. ಅವರು ತೀರಿಕೊಂಡ ಮೇಲೆ ಹುಟ್ಟಿದ ಹುಡುಗರೂ ಆ ಚಿತ್ರವನ್ನು ಅಂಟಿಸಿಕೊಂಡು ಓಡಾಡುತ್ತಾರೆ. ಆ ಪ್ರೀತಿಯ ಬಗ್ಗೆ ನನ್ನದೇನೂ ತಕರಾರಿಲ್ಲ. ಬಹಳ ದಿನಗಳಿಂದ ನನ್ನ ಮನಸ್ಸಿನಲ್ಲಿರುವ ಮಾತು ಅವರ ಅಣ್ಣನ ಕುರಿತಾದದ್ದು. ಐವತ್ತು ವರ್ಷ ಮೀರಿ ನಟಿಸುತ್ತ ಬಂದಿರುವ ಅನಂತ್ ನಾಗ್ ಅವರನ್ನು ನಾವು, ಅದರಲ್ಲೂ ಅವರು ಬಾಲ್ಯ ಕಳೆದ ಈ ಕರಾವಳಿಯವರು, ಮೆಚ್ಚುತ್ತೇವೆ, ಗೌರವಿಸುತ್ತೇವೆ. ಆದರೆ ಅವರ ನಟನೆಯಲ್ಲಿ ಅಂಥದ್ದೇನಿದೆ ಎಂದು ಕುಳಿತು ಮಾತಾಡಿದ್ದು ಕಡಿಮೆ. 2025ರಲ್ಲಿ ಅವರಿಗೆ ಪದ್ಮಭೂಷಣ ಘೋಷಣೆಯಾದ ದಿನ ನಮ್ಮೂರಿನ ವಾಟ್ಸ್‌ಆ್ಯಪ್ ಗುಂಪಿನ ತುಂಬ ಅಭಿನಂದನೆಗಳು ಬಂದವು. ಅವರ ಒಂದೇ ಒಂದು ಪಾತ್ರದ ಹೆಸರನ್ನು ಯಾರೂ ಬರೆದಿರಲಿಲ್ಲ. ಅದು ನನ್ನನ್ನು ಕೊರೆಯುತ್ತಲೇ ಇತ್ತು.

ನನ್ನ ಅಪ್ಪ ಹವ್ಯಾಸಿ ಅರ್ಥಧಾರಿ, ಎಂದರೆ ಯಕ್ಷಗಾನದ ತಾಳಮದ್ದಲೆಯಲ್ಲಿ ಪಾತ್ರದ ಮಾತು ಆಡುವವರು. ಮಳೆಗಾಲ ಹಿಡಿದು ಬಯಲಾಟಗಳು ನಿಂತ ಮೇಲೆ ಮನೆಮನೆಗಳಲ್ಲಿ ತಾಳಮದ್ದಲೆ ಶುರುವಾದರೆ ಅಪ್ಪ ರಾತ್ರಿ ಮನೆಯಲ್ಲಿರುತ್ತಿರಲಿಲ್ಲ. ವೇಷವಿಲ್ಲ, ಕುಣಿತವಿಲ್ಲ, ಭಾಗವತರ ಪದ ಮುಗಿದ ಮೇಲೆ ಕುಳಿತಲ್ಲಿಂದಲೇ ಮಾತಿನಲ್ಲಿ ಪಾತ್ರವನ್ನು ಕಟ್ಟಬೇಕು. ವಾಲಿವಧೆಯಲ್ಲಿ ಅಪ್ಪನಿಗೆ ಹೆಚ್ಚಾಗಿ ರಾಮನ ಅರ್ಥವೇ ಬರುತ್ತಿತ್ತು. ವಾಲಿಗೆ ಮಾತಾಡುವ ಕಷ್ಟ, ರಾಮನಿಗೆ ಕೇಳುವ ಕಷ್ಟ, ಎರಡನೆಯದೇ ದೊಡ್ಡದು ಎಂದು ಅವರು ಹೇಳುತ್ತಿದ್ದರು. ಬಾಣ ತಗಲಿ ಬಿದ್ದವನು ಮರೆಯಲ್ಲಿ ನಿಂತು ಹೊಡೆದವನನ್ನು ಅರ್ಧ ಗಂಟೆ ಪ್ರಶ್ನಿಸುವಾಗ ರಾಮನಾದವನು ತನ್ನ ಮುಂದಿನ ಮಾತನ್ನು ಮನಸ್ಸಿನಲ್ಲಿ ಜೋಡಿಸಿಕೊಳ್ಳುತ್ತ ಕುಳಿತರೆ ಪ್ರಸಂಗ ಸತ್ತುಹೋಗುತ್ತದೆ. ಅವನು ನಿಜವಾಗಿ ಕೇಳಬೇಕು, ಕೇಳಿ ನೋಯಬೇಕು. ಭಾನುವಾರ ಸಂಜೆ ದೂರದರ್ಶನದಲ್ಲಿ ಕನ್ನಡ ಸಿನಿಮಾ ಬರುತ್ತಿದ್ದ ಆ ಕಾಲದಲ್ಲಿ ಒಮ್ಮೆ ಅನಂತ್ ನಾಗ್ ಅವರ ಚಿತ್ರ ನೋಡುತ್ತಿದ್ದಾಗ ಅಪ್ಪ ಇದ್ದಕ್ಕಿದ್ದಂತೆ, “ನೋಡ ತಮಾ, ಇಂವ ಕೇಳ್ತಾ ಇದ್ದ” ಎಂದರು. ಆಗ ನನಗೆ ಅದು ತಿಳಿಯಲಿಲ್ಲ. ಪರದೆಯ ಮೇಲೆ ಮಾತಾಡುತ್ತಿದ್ದವರು ಬೇರೆ ಯಾರೋ ಆಗಿದ್ದರು.

ಅನಂತ ನಾಗರಕಟ್ಟೆ 1948ರ ಸೆಪ್ಟೆಂಬರ್ 4ರಂದು ಮುಂಬಯಿಯಲ್ಲಿ ಹುಟ್ಟಿದರು. ಎಳೆಯ ವಯಸ್ಸಿನ ಬಹುಭಾಗ ಕಾಞಂಗಾಡಿನ ಆನಂದಾಶ್ರಮದಲ್ಲಿ, ಶಿರಾಲಿಯ ಚಿತ್ರಾಪುರ ಮಠದಲ್ಲಿ, ಹೊನ್ನಾವರದಲ್ಲಿ ಕಳೆಯಿತು. ಮನೆಯಲ್ಲಿ ಕೊಂಕಣಿ, ಬೀದಿಯಲ್ಲಿ ಕನ್ನಡ, ಮಠದಲ್ಲಿ ಭಜನೆ ಮತ್ತು ಮಂತ್ರಗಳ ಸಂಸ್ಕೃತ, ಮುಂದೆ ಓದಲು ಹೋದ ಮುಂಬಯಿಯಲ್ಲಿ ಮರಾಠಿ ಮತ್ತು ಹಿಂದಿ. ಭಟ್ಕಳದಿಂದ ಕಾರವಾರದವರೆಗೆ ಎರಡು ಮೂರು ಭಾಷೆಗಳ ನಡುವೆ ಬೆಳೆಯುವುದು ಯಾರಿಗೂ ವಿಶೇಷವೆನಿಸದ ಸಂಗತಿ. ಆದರೆ ಹಾಗೆ ಬೆಳೆದವನ ಕಿವಿ ಬೇರೆಯಾಗಿರುತ್ತದೆ, ಪ್ರತಿ ಬಾಗಿಲಲ್ಲೂ ಒಳಗಿನವರ ಮಾತು ಯಾವುದೆಂದು ಆಲಿಸಿ ಆಮೇಲೆ ಬಾಯಿ ತೆರೆಯುವ ಅಭ್ಯಾಸ ಅವನಿಗೆ ಅರಿಯದೆಯೇ ಆಗಿರುತ್ತದೆ ಎಂದು ನಾನು ನಂಬಿದ್ದೇನೆ. ಮುಂಬಯಿಯಲ್ಲಿ ಅವರು ಕೊಂಕಣಿ, ಕನ್ನಡ, ಮರಾಠಿ ಮೂರೂ ರಂಗಭೂಮಿಗಳಲ್ಲಿ ದುಡಿದರು. 1973ರ ‘ಸಂಕಲ್ಪ’ದಿಂದ ಸಿನಿಮಾ ಆರಂಭವಾಯಿತು. ಮರುವರ್ಷವೇ ಶ್ಯಾಮ್ ಬೆನೆಗಲ್ ಅವರ ‘ಅಂಕುರ್’ ಬಂತು.

‘ಅಂಕುರ್’ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಬೇಕು. ಹಳ್ಳಿಯ ಜಮೀನು ನೋಡಿಕೊಳ್ಳಲು ಬಂದ ಜಮೀನ್ದಾರನ ಮಗ ಸೂರ್ಯ ಮನೆಗೆಲಸದ ಲಕ್ಷ್ಮಿಯನ್ನು ಕೂಡುತ್ತಾನೆ, ಅವಳು ಬಸಿರಾದಾಗ ಕೈಬಿಡುತ್ತಾನೆ. ಕಿವಿ ಕೇಳದ, ಮಾತು ಬಾರದ ಅವಳ ಗಂಡ ಕೆಲಸ ಕೇಳಲು ಬಂದರೆ, ಹೊಡೆಯಲು ಬರುತ್ತಿದ್ದಾನೆಂದು ಬೆದರಿ ಚಾವಟಿ ಬೀಸುತ್ತಾನೆ. ಆಗ ಲಕ್ಷ್ಮಿ, ಎಂದರೆ ಶಬಾನಾ ಆಜ್ಮಿ, ಓಡಿಬಂದು ಅಂಗಳದಲ್ಲಿ ನಿಂತು ಶಪಿಸುತ್ತಾಳೆ. ಆ ದೃಶ್ಯವನ್ನು ನೆನೆಯುವವರು ಶಬಾನಾ ಅವರ ಕೂಗನ್ನೇ ನೆನೆಯುತ್ತಾರೆ, ಅದು ನ್ಯಾಯವೇ. ನಾನು ಮಾತ್ರ ಪ್ರತಿ ಸಲವೂ ಬಾಗಿಲು ಹಾಕಿಕೊಂಡು ಒಳಗೆ ನಿಂತವನನ್ನೇ ನೋಡುತ್ತೇನೆ. ಹೊರಗಿನ ಒಂದೊಂದು ಮಾತೂ ಅವನಿಗೆ ತಾಗುತ್ತಿರುವುದು, ತಾನು ಎಂಥವನೆಂದು ಅವನಿಗೆ ಆ ಗಳಿಗೆಯಲ್ಲೇ ಗೊತ್ತಾಗುತ್ತಿರುವುದು ಆ ಮುಖದಲ್ಲಿ ಕಾಣುತ್ತದೆ. ಅಪ್ಪ ರಾಮನ ಬಗ್ಗೆ ಹೇಳುತ್ತಿದ್ದ ಮಾತು ನನಗೆ ಅರ್ಥವಾದದ್ದು ಅಲ್ಲಿ. ಇಲ್ಲಿ ಕೇಳುವವನ ಬಳಿ ರಾಮನಂತೆ ಕೊಡಲು ಉತ್ತರವಿಲ್ಲ, ಅದಕ್ಕೇ ದೃಶ್ಯ ಇನ್ನೂ ಭಾರವಾಗಿದೆ. ಇಪ್ಪತ್ತಾರರ ಆಸುಪಾಸಿನ ನಟನೊಬ್ಬ, ನೋಡುವವರ ಅನುಕಂಪವನ್ನು ಒಂದಿಷ್ಟೂ ಬೇಡದೆ, ಹೇಡಿಯನ್ನು ಹೇಡಿಯಾಗಿಯೇ ಆಡಿದ್ದಾರೆ.

ಕಲಾತ್ಮಕ ಚಿತ್ರ, ಜನಪ್ರಿಯ ಚಿತ್ರ ಎಂದು ನಾವು ಹಾಕುವ ಗೆರೆಯನ್ನು ಅವರು ಗೌರವಿಸಿದಂತೆ ಕಾಣುವುದಿಲ್ಲ. ಗುಜರಾತಿನ ಐದು ಲಕ್ಷ ಹೈನುಗಾರರು ತಲಾ ಎರಡು ರೂಪಾಯಿ ಹಾಕಿ ಮಾಡಿಸಿದ ‘ಮಂಥನ್’ ಮತ್ತು ಕಲ್ಪನಾ ಅವರೊಂದಿಗಿನ ‘ಬಯಲು ದಾರಿ’ ಎರಡೂ 1976ರವು, ಎರಡರಲ್ಲೂ ಅವರಿದ್ದಾರೆ. ಜಿ. ವಿ. ಅಯ್ಯರ್ ಅವರ ‘ಹಂಸಗೀತೆ’ಯಲ್ಲಿ ಚಿತ್ರದುರ್ಗದ ಸಂಗೀತಗಾರ ಭೈರವಿ ವೆಂಕಟಸುಬ್ಬಯ್ಯನಾದವರು ಮುಂದೆ ಮಲಯಾಳದಲ್ಲಿ ಸ್ವಾತಿ ತಿರುನಾಳ್ ಮಹಾರಾಜನಾದರು. ಎಂ. ಎಸ್. ಸತ್ಯು ಅವರ ‘ಕನ್ನೇಶ್ವರ ರಾಮ’ದಲ್ಲಿ ಬಂಡೆದ್ದವನು, ಅದೇ ನಿರ್ದೇಶಕರ ‘ಬರ’ದಲ್ಲಿ ಜಿಲ್ಲಾಧಿಕಾರಿ. ‘ನಾ ನಿನ್ನ ಬಿಡಲಾರೆ’, ‘ಚಂದನದ ಗೊಂಬೆ’, ‘ಬೆಂಕಿಯ ಬಲೆ’ ಚಿತ್ರಗಳಿಗೆ ನಮ್ಮ ಅಮ್ಮಂದಿರ ತಲೆಮಾರು ಕಣ್ಣೀರಿಟ್ಟಿತು, ಹೆದರಿತು. ಆ ಚಿತ್ರಗಳಲ್ಲೂ ಅವರು ಪಾತ್ರವನ್ನು ಹಗುರವಾಗಿ ತೆಗೆದುಕೊಂಡ ಗುರುತು ಸಿಗುವುದಿಲ್ಲ. ನಡುವೆ ರಾಜಕೀಯಕ್ಕೆ ಹೋದರು, ಜೆ. ಎಚ್. ಪಟೇಲರ ಸಂಪುಟದಲ್ಲಿ ಸಚಿವರೂ ಆದರು. ಆ ವರ್ಷಗಳನ್ನು ಅಳೆಯುವ ಕೆಲಸ ನನ್ನದಲ್ಲ.

ಅಣ್ಣ ತಮ್ಮ ಸೇರಿ ಮಾಡಿದ ಕೆಲಸದಲ್ಲಿ 1980ರ ‘ಮಿಂಚಿನ ಓಟ’ವನ್ನು ಎಲ್ಲರೂ ಹೇಳುತ್ತಾರೆ. ನನಗೆ ಹೆಚ್ಚು ಪ್ರಿಯವಾದದ್ದು ಶಂಕರ್ ಆಗುಂಬೆಯಲ್ಲಿ ಚಿತ್ರೀಕರಿಸಿದ ‘ಮಾಲ್ಗುಡಿ ಡೇಸ್’ನ ಮಿಠಾಯಿ ವ್ಯಾಪಾರಿ ಜಗನ್. ನಲವತ್ತು ತುಂಬದ ಅಣ್ಣನಿಗೆ ತಮ್ಮ ವಯಸ್ಸಾದ ಗಾಂಧಿವಾದಿ ತಂದೆಯ ಪಾತ್ರ ಕೊಟ್ಟರು. ಅಮೆರಿಕದಿಂದ ಮರಳಿದ ಮಗ ಕಥೆ ಬರೆಯುವ ಯಂತ್ರದ ವ್ಯಾಪಾರ ಹೂಡುತ್ತೇನೆಂದು ವಿವರಿಸುವಾಗ ಜಗನ್ ಹೇಗೆ ಕೇಳುತ್ತಾನೆಂಬುದನ್ನು ದಯವಿಟ್ಟು ಇನ್ನೊಮ್ಮೆ ನೋಡಿ. ಮಗನ ಮಾತು ಅವನಿಗೆ ತಿಳಿಯುತ್ತಿಲ್ಲ, ತಿಳಿಯುತ್ತಿಲ್ಲವೆಂದು ಹೇಳಲೂ ಮನಸ್ಸಿಲ್ಲ, ಮಗ ಮಾತಾಡುತ್ತಿದ್ದಾನಲ್ಲ ಎಂಬ ಸಂತೋಷವೂ ಇದೆ. ಅಷ್ಟನ್ನೂ ಒಂದು ಮುಖ ಒಟ್ಟಿಗೆ ಹಿಡಿದುಕೊಂಡಿದೆ.

1990ರ ಸೆಪ್ಟೆಂಬರ್ 30ರಂದು ದಾವಣಗೆರೆ ಬಳಿಯ ಆನಗೋಡಿನಲ್ಲಿ ಶಂಕರ್ ಅಪಘಾತಕ್ಕೆ ಬಲಿಯಾದರು. ಆ ವರ್ಷ ಮತ್ತು ಅದರ ಮರುವರ್ಷವೇ ಕನ್ನಡನಾಡು ಅನಂತ್ ನಾಗ್ ಅವರ ‘ಗಣೇಶನ ಮದುವೆ’, ‘ಗೌರಿ ಗಣೇಶ’ ನೋಡಿ ಹೊಟ್ಟೆ ತುಂಬ ನಕ್ಕಿತು. ಚಿಕ್ಕವರಾಗಿದ್ದ ನಮಗೆ ಈ ಎರಡು ಸಂಗತಿಗಳು ಅಕ್ಕಪಕ್ಕದವೆಂದು ಹೊಳೆದಿರಲಿಲ್ಲ. ಈಗ ಆ ಚಿತ್ರಗಳನ್ನು ನೋಡುವಾಗ ನಗುತ್ತಲೇ ಎದೆ ಹಿಡಿದಂತಾಗುತ್ತದೆ. ಅವರು ಆಮೇಲೆ ತಮ್ಮನ ಬಗ್ಗೆ ‘ನನ್ನ ತಮ್ಮ ಶಂಕರ’ ಎಂಬ ಪುಸ್ತಕವನ್ನೇ ಬರೆದರು.

‘ಮುಂಗಾರು ಮಳೆ’ಯ ಕರ್ನಲ್‌ನಿಂದ ಹೊಸ ತಲೆಮಾರಿಗೆ ಪರಿಚಿತರಾದ ಅವರು ‘ಕೆ.ಜಿ.ಎಫ್’ನ ಮೊದಲ ಭಾಗದಲ್ಲಿ ಕಥೆ ಹೇಳುವ ಪತ್ರಕರ್ತರಾದರು. ಅಲ್ಲಿ ಅವರು ಮಾತಾಡುತ್ತಾರೆ, ಬೇರೆಯವರು ಕೇಳುತ್ತಾರೆ. ಧ್ವನಿ ಘನವಾಗಿದೆ, ಆದರೂ ನನ್ನ ಮನಸ್ಸು ತುಂಬಲಿಲ್ಲ. ಮನಸ್ಸು ತುಂಬಿದ್ದು 2016ರ ‘ಗೋಧಿ ಬಣ್ಣ ಸಾಧಾರಣ ಮೈಕಟ್ಟು’ ಚಿತ್ರದ ವೆಂಕೋಬ ರಾವ್‌ನಲ್ಲಿ. ಮರೆವಿನ ಕಾಯಿಲೆಯಿಂದ ದಾರಿ ತಪ್ಪಿದ ಆ ಮುದುಕನನ್ನು ಕಳೆದ ತಿಂಗಳು ಅಪ್ಪನೊಂದಿಗೆ ಕುಳಿತು ನೋಡಿದೆ. ಅಪ್ಪನಿಗೆ ಈಗ ಎಂಬತ್ತು ದಾಟಿದೆ, ಕಿವಿ ಬಹಳ ಮಂದವಾಗಿದೆ, ಅರ್ಥ ಹೇಳುವುದನ್ನು ಬಿಟ್ಟು ಹಲವು ವರ್ಷವಾಯಿತು. ಟಿವಿಯ ಧ್ವನಿ ಎಷ್ಟು ಹೆಚ್ಚಿಸಿದರೂ ಸಂಭಾಷಣೆ ಹತ್ತುತ್ತಿರಲಿಲ್ಲ, ಮುಖಗಳನ್ನಷ್ಟೇ ನೋಡುತ್ತ ಕುಳಿತಿದ್ದರು. ನಾನು ಕಥೆಯನ್ನೂ ಹೇಳಿರಲಿಲ್ಲ. ಸುಮಾರು ಹೊತ್ತಿನ ಮೇಲೆ ಅವರು ತಾವಾಗಿಯೇ, “ಇಂವ ಕೇಳ್ತಾ ಇದ್ದ, ತಿಳಿತಾ ಇಲ್ಲೆ” ಎಂದರು.

ಈ ಮಳೆಗಾಲದಲ್ಲಿ ನಮ್ಮೂರಿನ ತಾಳಮದ್ದಲೆಯ ಮರುದಿನ ಅದೇ ಜಗುಲಿಯಲ್ಲಿ ‘ಅಂಕುರ್’ ತೋರಿಸಬೇಕೆಂದು ಗೆಳೆಯರೊಂದಿಗೆ ಮಾತಾಡಿದ್ದೇನೆ. ಪ್ರೊಜೆಕ್ಟರ್ ಒಪ್ಪಿಕೊಂಡವರಿದ್ದಾರೆ, ಗೋಡೆಗೆ ಸುಣ್ಣ ಬಳಿಯುವುದು ಬಾಕಿ ಇದೆ. ಹಿಂದಿನ ರಾತ್ರಿಯ ಪ್ರಸಂಗ ವಾಲಿವಧೆಯೇ ಇರಲಿ ಎಂದು ಭಾಗವತರನ್ನು ಕೇಳಿಕೊಂಡಿದ್ದೇನೆ. ಹೊನ್ನಾವರ, ಕುಮಟಾ, ಭಟ್ಕಳದ ಕಡೆಯ ಗೆಳೆಯರು ಎರಡು ದಿನವೂ ಉಳಿಯುವಂತೆ ಬನ್ನಿ.